ಆಟಿಸಂ ಪ್ರಶ್ನೆಪಟ್ಟಿ ಕೊಡಗಿನಲ್ಲೇ ತಯಾರಾಗಲಿ: ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪ ನಿರ್ದೇಶಕರಿಗೆ ನಮಸ್ಕಾರಗಳು.

ನಾನು ಕುಶಾಲನಗರದ ಕಡೆ ಕೆಲಸ ಮಾಡುವ ವಿಶೇಷ ಶಿಕ್ಷಕಿ. ಮಾತು ಬಾರದ, ಮಾತು ಬಂದರೂ ಜೊತೆಗಾರರ ಹತ್ತಿರ ಸೇರದ, ಕರೆದರೆ ತಿರುಗಿ ನೋಡದ ಮಕ್ಕಳ ಜೊತೆ ನನ್ನ ಕೆಲಸ. ಆಟಿಸಂ, ಅಂದರೆ ಮಾತು ಮತ್ತು ಒಡನಾಟ ಬೇರೆ ರೀತಿ ಬೆಳೆಯುವ ಸ್ಥಿತಿ, ಇರುವ ಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ಹೆಚ್ಚಿನವರಿಗೆ ಐದಾರು ವರ್ಷ ದಾಟಿರುತ್ತದೆ. ಒಂದನೇ ಕ್ಲಾಸಿನ ಟೀಚರ್ "ಇವನು ಕೂರೋದೇ ಇಲ್ಲ, ಕರ್ಕೊಂಡು ಹೋಗಿ ತೋರಿಸಿ" ಎಂದ ಮೇಲೆ ಮನೆಯವರು ಹೊರಡುತ್ತಾರೆ. ಅನುಭವ ಇರುವ ತಜ್ಞರು ಮಗುವಿಗೆ ಎರಡು ವರ್ಷ ಆಗುವಾಗಲೇ ಆಟಿಸಂ ಇದೆಯೇ ಎಂದು ನಂಬುವ ಹಾಗೆ ಹೇಳಬಲ್ಲರು. ನಡುವೆ ಕಳೆದ ಮೂರ್ನಾಲ್ಕು ವರ್ಷ ಮಗು ಭಾಷೆ, ಆಟ, ಒಡನಾಟ ಎಲ್ಲವನ್ನೂ ವೇಗವಾಗಿ ಕಲಿಯುವ ವರ್ಷಗಳು.

ನನ್ನ ಬೇಡಿಕೆ ಇಷ್ಟೇ. ಶಾಲೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗಾಗಿ ಜಿಲ್ಲೆಯಲ್ಲಿ ಒಂದು ಚಿಕ್ಕ ಪ್ರಶ್ನೆಪಟ್ಟಿ ಬೇಕು. ಆದರೆ ಎಲ್ಲೋ ತಯಾರಾದದ್ದನ್ನು ಕನ್ನಡಕ್ಕೆ ಇಳಿಸಿ, ಝೆರಾಕ್ಸ್ ಮಾಡಿ, ಅಂಗನವಾಡಿಗಳಿಗೆ ಹಂಚಿ "ಮುಗೀತು" ಅನ್ನಬೇಡಿ. ಇಲ್ಲಿನ ತಾಯಂದಿರನ್ನು ಕೇಳಿ ತಯಾರಿಸಿ. ಇಲ್ಲಿನ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿ. ಅದು ಎಷ್ಟು ಮಕ್ಕಳನ್ನು ಬಿಟ್ಟುಬಿಡುತ್ತದೆ ಎಂದು ತಿಳಿದ ಮೇಲೆ ಬಳಕೆಗೆ ತನ್ನಿ.

ಈಗಲೂ ಒಂದು ವ್ಯವಸ್ಥೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿ ಅವರ ಬಳಿ ಇದೆ, ಆಟಿಸಂ ಕೂಡ ಅದರಲ್ಲಿದೆ. ಕಾಗದದಲ್ಲಿ ಕೊರತೆ ಇಲ್ಲ. ಆದರೆ ಹುಳುಕು ಹಲ್ಲು ಕಣ್ಣಿಗೆ ಕಾಣುತ್ತದೆ. ತೂಕ ಕಡಿಮೆ ಇದ್ದರೆ ತಕ್ಕಡಿ ಹೇಳುತ್ತದೆ. ಹೃದಯದ ತೊಂದರೆ ಇದ್ದರೆ ಸ್ಟೆತಸ್ಕೋಪಿಗೆ ಸುಳಿವು ಸಿಗುತ್ತದೆ. ಆಟಿಸಂ ಹಾಗಲ್ಲ. ಹೊಸಬರು ಜೀಪಿನಲ್ಲಿ ಬಂದಿಳಿದ ದಿನ ಯಾವ ಮಗು ತಾನೇ ಮಾತಾಡುತ್ತದೆ? ಅರ್ಧ ಮಕ್ಕಳು ಟೀಚರ್ ಸೆರಗಿನ ಹಿಂದೆ, ಇನ್ನರ್ಧ ಚುಚ್ಚುತ್ತಾರೇನೋ ಎಂಬ ಭಯದಲ್ಲಿ. ಒಂದು ಮಗುವಿಗೆ ಸಿಗುವ ಆ ನಾಲ್ಕೈದು ನಿಮಿಷದಲ್ಲಿ ಎಷ್ಟೇ ಒಳ್ಳೆಯ ಡಾಕ್ಟರಾದರೂ ಏನು ನೋಡಲು ಸಾಧ್ಯ? ಮಗುವನ್ನು ದಿನವಿಡೀ ನೋಡುವವರನ್ನು ಕೇಳಬೇಕು. ಪ್ರಶ್ನೆಪಟ್ಟಿ ಬೇಕಾಗಿರುವುದು ಅದಕ್ಕೇ.

ಏನು ಕೇಳಬೇಕು ಎಂಬುದರಲ್ಲಿ ಜಾಸ್ತಿ ಗುಟ್ಟೇನಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ನೀವು ಏನನ್ನೋ ನೋಡಿದರೆ ಅದೂ ಅತ್ತ ನೋಡುತ್ತದೆಯೇ? ನೀವು ಟಾಟಾ ಮಾಡಿದರೆ ಅದೂ ಮಾಡುತ್ತದೆಯೇ? ಖಾಲಿ ಲೋಟ ಹಿಡಿದು ಕುಡಿದ ಹಾಗೆ ನಟಿಸುತ್ತದೆಯೇ? ಇವುಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಬೆರಳು ತೋರಿಸುವುದು. ಅದರಲ್ಲಿ ಎರಡು ಬಗೆ ಇದೆ. ಶೆಲ್ಫಿನ ಮೇಲಿನ ಬಿಸ್ಕತ್ ಡಬ್ಬಿ ಬೇಕು ಎಂದು ತೋರಿಸುವುದು ಒಂದು. ಹಲಸಿನ ಮರದಲ್ಲಿ ಮಂಗ ಕೂತಿದೆ, ನೋಡಮ್ಮ ಎಂದು ತೋರಿಸುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣಲಿ ಎಂಬ ಆಸೆ ಅಷ್ಟೇ. ಬೆರಳು ತೋರಿಸಿ, ತಕ್ಷಣ ಅಮ್ಮನ ಮುಖ ನೋಡಿ, ಮತ್ತೆ ಮಂಗನನ್ನು ನೋಡುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಈ ಎರಡನೆಯ ಬಗೆ ತೀರಾ ಕಡಿಮೆ, ಅಥವಾ ತಡವಾಗಿ ಬರುತ್ತದೆ. ಮೊದಲನೆಯದಕ್ಕೂ ಕೆಲವು ಮಕ್ಕಳು ಬೆರಳು ಬಳಸುವುದಿಲ್ಲ, ಅಮ್ಮನ ಕೈ ಹಿಡಿದು ಡಬ್ಬಿಯ ಹತ್ತಿರ ಎಳೆದುಕೊಂಡು ಹೋಗುತ್ತಾರೆ. "ನಿಮ್ಮ ಮಗು ಬೆರಳು ತೋರಿಸುತ್ತದಾ?" ಎಂದು ಒಂದೇ ಸಾಲಿನಲ್ಲಿ ಕೇಳಿದರೆ ತಾಯಿ ಬಿಸ್ಕತ್ ಡಬ್ಬಿ ನೆನೆದು ಹೌದು ಅನ್ನುತ್ತಾಳೆ. ಪ್ರಶ್ನೆ ದಂಡವಾಯಿತು.

ಜಗತ್ತಿನಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳಲ್ಲೊಂದು ಎಂ-ಚಾಟ್-ಆರ್/ಎಫ್. ಅಮೆರಿಕದಲ್ಲಿ ತಯಾರಾದದ್ದು. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ. ಅನುಮಾನ ಹುಟ್ಟಿಸುವ ಪ್ರತಿ ಉತ್ತರಕ್ಕೆ ಒಂದು ಅಂಕ. ಅಂಕ 0ರಿಂದ 2 ಬಂದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ಆ ಪ್ರಶ್ನೆಗಳನ್ನೇ ಮತ್ತೆ ಬಿಡಿಸಿ ಕೇಳುವ ಎರಡನೇ ಸುತ್ತು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀದಾ ತಜ್ಞರ ಬಳಿಗೆ. ಬಳಸಲು ದುಡ್ಡು ಕೊಡಬೇಕಾಗಿಲ್ಲ. ಒಳ್ಳೆಯ ಪಟ್ಟಿ, ನಾನೂ ಅದರಿಂದ ಕಲಿತಿದ್ದೇನೆ. ಆದರೆ ಹಾಗೇ ಎತ್ತಿಕೊಂಡು ಬಂದರೆ ಮಡಿಕೇರಿ ಗಾಳಿಬೀಡಿನಲ್ಲೋ ಪೊನ್ನಂಪೇಟೆಯ ಆದಿವಾಸಿ ಹಾಡಿಯಲ್ಲೋ ಅದು ತೊಡರುತ್ತದೆ.

ಮೊದಲ ತೊಡಕು ವಯಸ್ಸು. ಅಂಗನವಾಡಿಯಲ್ಲಿ ದಿನಾ ಕೂರುವ ಮಕ್ಕಳು ಮೂರರಿಂದ ಆರು ವರ್ಷದವರು. 30 ತಿಂಗಳು ದಾಟಿದ ಮಗುವಿಗೆ ಆ ಪಟ್ಟಿ ಮಾಡಿದ್ದೇ ಅಲ್ಲ. ನಾಲ್ಕು ವರ್ಷದ ಮಗುವಿಗೆ ಬೇರೆ ಪ್ರಶ್ನೆ ಬೇಕು: ಜೊತೆಗಾರರು ಅಡುಗೆ ಆಟ ಆಡುವಾಗ ಸೇರುತ್ತದೆಯೇ, ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತದೆಯೇ, ದಾರಿ ಬದಲಾದರೆ ರಂಪ ಮಾಡುತ್ತದೆಯೇ, ಆಟದ ಜೀಪನ್ನು ಓಡಿಸದೆ ತಲೆಕೆಳಗು ಮಾಡಿ ಚಕ್ರ ಮಾತ್ರ ತಿರುಗಿಸುತ್ತಾ ಕೂರುತ್ತದೆಯೇ. ಹಾಗಾಗಿ ನಮಗೆ ಬೇಕಾಗಿರುವುದು ಒಂದಲ್ಲ, ಎರಡು ಪಟ್ಟಿ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಒಂದು. ಅಂಗನವಾಡಿಗೆ ಸೇರಿದ ಮೇಲೆ ಇನ್ನೊಂದು.

ಎರಡನೆಯದು ಉದಾಹರಣೆಗಳು. ದಿನನಿತ್ಯದ ಶಬ್ದಕ್ಕೆ ಮಗು ಗಾಬರಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಕೊಟ್ಟಿರುವ ಉದಾಹರಣೆ ವ್ಯಾಕ್ಯೂಮ್ ಕ್ಲೀನರ್. ತೋಟದ ಕಾರ್ಮಿಕರು ಇರುವ ನಮ್ಮ ಲೈನ್ ಮನೆಗಳಲ್ಲಿ ಅದು ಎಲ್ಲಿಂದ ಬರಬೇಕು? ಮಿಕ್ಸಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಹುಲ್ಲು ಹೊಡೆಯುವ ಮೆಷಿನ್ ಅನ್ನಿ, ಗೊತ್ತಾಗುತ್ತದೆ. ಅಲ್ಲೂ ಹುಷಾರಾಗಿರಬೇಕು. ಹುತ್ತರಿ ಹಬ್ಬದ ರಾತ್ರಿ ಕೋವಿ ಸದ್ದಿಗೆ ಬೆಚ್ಚಿ ಅಳದ ಮಗು ಯಾವುದಿದೆ? ಹುತ್ತರಿ ವಾರದಲ್ಲಿ ಈ ಪ್ರಶ್ನೆ ಕೇಳಿದರೆ ಜಿಲ್ಲೆಯ ಅರ್ಧ ಮಕ್ಕಳು "ಹೌದು" ಎಂಬ ಕಡೆ ಸೇರುತ್ತಾರೆ. ದಿನಾ ಕೇಳುವ ಮಿಕ್ಸಿಗೂ ದಿನಾ ಕಿವಿ ಮುಚ್ಚಿಕೊಂಡು ಓಡುವ ಮಗುವನ್ನು ನಾವು ಹುಡುಕುತ್ತಿರುವುದು. ಆ ಪಟ್ಟಿಯ ಬೇರೆ ಉದಾಹರಣೆಗಳೂ ಹಾಗೇ: ಆಕಾಶದಲ್ಲಿ ವಿಮಾನ, ಆಟದ ಮೈದಾನದ ಏಣಿ, ಕುರ್ಚಿಯ ಮೇಲೆ ಪುಸ್ತಕ. ಇವುಗಳ ಜಾಗಕ್ಕೆ ರಸ್ತೆಯ ಲಾರಿ, ಮನೆ ಹಿಂದಿನ ಮಣ್ಣಿನ ದಿಬ್ಬ, ಚಾಪೆಯ ಮೇಲಿನ ಲೋಟ ಬರಬೇಕು. ಆದರೆ ಅದು ಹಕ್ಕುಸ್ವಾಮ್ಯ ಇರುವ ಪಟ್ಟಿ. ಮಾಡಿದವರ ಅನುಮತಿ ಇಲ್ಲದೆ ನಾವೇ ಸುಮ್ನೆ ತಿದ್ದುವಂತಿಲ್ಲ. ಅನುಮತಿ ಕೇಳಿ ತಿದ್ದೋಣ, ಅಥವಾ ನಮ್ಮದೇ ಬರೆಯೋಣ. ಸಣ್ಣ ಮಕ್ಕಳ ಪಟ್ಟಿಗೆ ಅನುಮತಿ ಕೇಳಬಹುದು, ಅಂಗನವಾಡಿಯದನ್ನು ನಾವೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ನಮ್ಮಲ್ಲಿ ಟೀಚರೋ ಸಿಸ್ಟರೋ ಪೆನ್ನು ಹಿಡಿದು ಕೂತು ಕೇಳಿದರೆ ಜನ ಹೂಂ ಅನ್ನುತ್ತಾರೆ. ಎದುರು ಕೂತವರಿಗೆ ಬೇಜಾರಾಗದಿರಲಿ, ಮಗುವಿನ ಮಾನ ಉಳಿಯಲಿ, ಬೇಗ ಮುಗಿದರೆ ಕೆಲಸಕ್ಕೆ ಹೋಗಬಹುದು, ಎಲ್ಲ ಕಾರಣವೂ ಸೇರಿರುತ್ತದೆ. ಇಂಥ ಮಾತು ನೀವೂ ಕೇಳಿರುತ್ತೀರಿ:

"ಕರೆದ್ರೆ ತಿರುಗ್ತಾನಾ?"

"ಹೂಂ ಟೀಚರ್, ತಿರುಗ್ತಾನೆ."

"ನಿನ್ನೆ ಯಾವಾಗ ಕರೆದ್ರಿ? ಏನು ಮಾಡ್ದ?"

"ನಿನ್ನೆ... ಮೊಬೈಲಲ್ಲಿ ಹಾಡು ಹಾಕಿದ್ರೆ ಓಡಿ ಬರ್ತಾನೆ. ಕರೆದ್ರೆ ಅವನಿಗೆ ಮನಸ್ಸು ಬಂದ್ರೆ ಉಂಟು."

ಮೊದಲ ಉತ್ತರಕ್ಕೂ ಎರಡನೆಯದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಹೌದು, ಇಲ್ಲ ಎಂಬ ಎರಡು ಚೌಕ ಸಾಕಾಗುವುದಿಲ್ಲ. "ನಿನ್ನೆ, ಮೊನ್ನೆ ಏನಾಯಿತು ಹೇಳಿ" ಎಂದು ಕೇಳುವ ಸಾಲು ಪ್ರತಿ ಪ್ರಶ್ನೆಯ ಕೆಳಗೆ ಇರಲಿ. ತಾಯಿ ಹೇಳಿದ ಘಟನೆ ನೋಡಿ ಗುರುತು ಹಾಕುವುದು ಕೇಳುವವರ ಕೆಲಸ. ಇದಕ್ಕೆ ತರಬೇತಿ ಬೇಕು, ನಿಜ. ಓದಿ ಹೇಳುವುದಕ್ಕೂ ಕೇಳಿ ತಿಳಿಯುವುದಕ್ಕೂ ಬೇರೆ ಬೇರೆ ತರಬೇತಿ. ಒಂದು ದಿನ ಸಭಾಂಗಣದಲ್ಲಿ ಕೂರಿಸಿ ಪಿಪಿಟಿ ತೋರಿಸಿ ಊಟ ಹಾಕಿ ಕಳಿಸಿದರೆ ಬರುವಂಥದ್ದಲ್ಲ.

ಯಾರನ್ನು ಕೇಳಬೇಕು ಎಂಬುದೂ ಸುಲಭವಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ತಾಯಿ ಬೆಳಗ್ಗೆ ಹೋದರೆ ಸಂಜೆಗೇ ಮನೆಗೆ. ಮಗುವನ್ನು ನೋಡುವವರು ಅಜ್ಜಿ, ಅಥವಾ ಎಂಟು ವರ್ಷದ ಅಕ್ಕ. ದೊಡ್ಡ ತೋಟಗಳಲ್ಲಿ ಕಾರ್ಮಿಕರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕು ಎಂಬ ನಿಯಮ 1951ರ ತೋಟ ಕಾರ್ಮಿಕರ ಕಾಯ್ದೆಯಿಂದಲೇ ಬಂದದ್ದು. ಪಂಚಾಯಿತಿ ಮಟ್ಟದಲ್ಲಿ ಈಗ ಕೂಸಿನ ಮನೆ ಯೋಜನೆ ಇದೆ. ಅಲ್ಲಿ ಮಗುವನ್ನು ನೋಡಿಕೊಳ್ಳುವ ಹೆಂಗಸರಿಗೆ ಹೆತ್ತವರಿಗಿಂತ ಒಂದು ಅನುಕೂಲ ಉಂಟು. ಹತ್ತು ಮಕ್ಕಳನ್ನು ಒಟ್ಟಿಗೇ ನೋಡುವುದರಿಂದ ಒಂದು ಮಗು ಬೇರೆ ಥರ ಇದ್ದರೆ ಥಟ್ಟನೆ ಗೊತ್ತಾಗುತ್ತದೆ. ಅವರನ್ನೂ ಕೇಳಿ.

ಇನ್ನು ಭಾಷೆ. ಐದೂವರೆ ಲಕ್ಷ ಜನರ ಪುಟ್ಟ ಜಿಲ್ಲೆಯಲ್ಲಿ ಕೊಡವ, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ, ತಮಿಳು, ಯರವ, ಜೇನುಕುರುಬ ಎಲ್ಲವೂ ಇವೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಾತು ಬೇರೆ. ಎಲ್ಲದರಲ್ಲೂ ಅಚ್ಚು ಹಾಕಿಸಿ ಎಂದು ನಾನು ಹೇಳುತ್ತಿಲ್ಲ, ಎಷ್ಟೋ ಮಾತುಗಳನ್ನು ಓದುವ ಅಭ್ಯಾಸವೂ ಜನರಿಗಿಲ್ಲ. ಆಡಿಯೋ ಮಾಡಿಸಿ. ಆಯಾ ಭಾಷೆಯ ತಾಯಿಯೊಬ್ಬರ ದನಿಯಲ್ಲಿ ಪ್ರಶ್ನೆ ಇರಲಿ, ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಕೇಳಿಸಲಿ. ಸಾಧ್ಯವಾದರೆ ಅರ್ಧ ನಿಮಿಷದ ವಿಡಿಯೋ: ಬಿಸ್ಕತ್ತಿಗೆ ಬೆರಳು ತೋರಿಸುವ ಮಗು, ಮಂಗನಿಗೆ ಬೆರಳು ತೋರಿಸುವ ಮಗು. "ನಿಮ್ಮದು ಇದರಲ್ಲಿ ಯಾವ ಥರ?" ಎಂದು ಕೇಳಿದರೆ ಯಾವ ಭಾಷೆಯ ತಾಯಿಗೂ ಅರ್ಥವಾಗುತ್ತದೆ.

ಮನೆಯಲ್ಲಿ ಎರಡು ಮೂರು ಭಾಷೆ ಆಡುವುದರಿಂದ ಮಗುವಿಗೆ ಮಾತು ತಡವಾಯಿತು ಎಂದು ನಮ್ಮಲ್ಲಿ ಡಾಕ್ಟರುಗಳೂ ಒಮ್ಮೊಮ್ಮೆ ಹೇಳಿಬಿಡುತ್ತಾರೆ. ಹಲವು ಭಾಷೆ ಆಟಿಸಂ ತರುವುದಿಲ್ಲ. ಹಲವು ಭಾಷೆಯ ಮನೆಯ ಮಗುವೂ ಮಂಗನನ್ನು ಬೆರಳು ಮಾಡಿ ತೋರಿಸಿಯೇ ತೋರಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ನಿಮ್ಮ ಕಚೇರಿಯ ಅಂಕಿಅಂಶ ವಿಭಾಗದವರು ನನಗಿಂತ ಚೆನ್ನಾಗಿ ಬಿಡಿಸಿ ಹೇಳಬಲ್ಲರು. ನೂರು ಮಕ್ಕಳಿಗೆ ಸುಮಾರು ಒಬ್ಬರಿಗೆ ಆಟಿಸಂ ಎಂದು ಹಿಡಿಯೋಣ. ಸಾವಿರ ಮಕ್ಕಳಲ್ಲಿ ಹತ್ತು. ನಮ್ಮ ಪಟ್ಟಿ ನೂರಕ್ಕೆ 80ರಷ್ಟು ಆಟಿಸಂ ಮಕ್ಕಳನ್ನು ಹಿಡಿಯುತ್ತದೆ, ಆಟಿಸಂ ಇಲ್ಲದವರಲ್ಲಿ ನೂರಕ್ಕೆ 95 ಮಂದಿಯನ್ನು ಸರಿಯಾಗಿ ಬಿಡುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ ಅಲ್ವಾ? ಫಲ ನೋಡಿ. ಹತ್ತರಲ್ಲಿ ಎಂಟು ಮಕ್ಕಳು ಸಿಕ್ಕರು, ಇಬ್ಬರು ತಪ್ಪಿಹೋದರು. ಉಳಿದ 990 ಮಕ್ಕಳಲ್ಲಿ ಸುಮಾರು 50 ಮಂದಿಗೆ ಸುಮ್ಮನೆ ಗುರುತು ಬಿತ್ತು. ಒಟ್ಟು 58 ಮನೆಗಳಿಗೆ ಸುದ್ದಿ ಹೋಯಿತು, ನಿಜವಾಗಿ ಆಟಿಸಂ ಇರುವುದು ಎಂಟು ಮನೆಯಲ್ಲಿ. ಅಂದರೆ ಏಳಕ್ಕೆ ಒಂದು. ಪ್ರಶ್ನೆಪಟ್ಟಿ ಕೆಟ್ಟದು ಎಂದಲ್ಲ. ನೂರಕ್ಕೊಬ್ಬರನ್ನು ಹುಡುಕುವಾಗ ಲೆಕ್ಕವೇ ಹಾಗೆ. ಆದ್ದರಿಂದಲೇ ಅಂಗನವಾಡಿ ಜಗಲಿಯಲ್ಲಿ ಯಾರೂ "ನಿಮ್ಮ ಮಗುವಿಗೆ ಆಟಿಸಂ ಇದೆ" ಅನ್ನಬಾರದು. ಆ ಹಾಳೆಯ ತಲೆಬರಹದಲ್ಲಿ ಆ ಹೆಸರೂ ಬೇಡ. "ಮಗುವಿನ ಆಟ ಮತ್ತು ಮಾತು" ಎಂದಿದ್ದರೆ ಸಾಕು. ಲೈನ್ ಮನೆಯಲ್ಲಿ ಒಂದು ಗೋಡೆಯ ಆಚೆ ಇನ್ನೊಂದು ಮನೆ. ಸಂಜೆಯೊಳಗೆ ಇಡೀ ಸಾಲಿಗೆ ಗೊತ್ತಾಗುತ್ತದೆ.

ಎಂ-ಚಾಟ್ ಮಾಡಿದವರು ಈ ಕಾರಣಕ್ಕೇ ಎರಡನೇ ಸುತ್ತು ಇಟ್ಟರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 16,071 ಮಕ್ಕಳು ಇದ್ದರು. ಎರಡೂ ಸುತ್ತಿನಲ್ಲಿ ಗುರುತು ಬಿದ್ದು ಪರೀಕ್ಷೆಗೆ ಬಂದ ಮಕ್ಕಳಲ್ಲಿ 47.5 ಶೇಕಡಾ ಮಂದಿಗೆ ಆಟಿಸಂ ಇತ್ತು. ಉಳಿದವರು ಸುಮ್ಮನೆ ಬಂದು ಹೋದವರಲ್ಲ. ಆಟಿಸಂ ಇರುವವರನ್ನೂ ಸೇರಿಸಿದರೆ 94.6 ಶೇಕಡಾ ಮಂದಿಯಲ್ಲಿ ಬೆಳವಣಿಗೆಯ ತಡವೋ ಗಮನ ಕೊಡಬೇಕಾದ ಇನ್ನೊಂದು ವಿಷಯವೋ ಕಂಡಿತು. ಎರಡನೇ ಸುತ್ತನ್ನು ಸಮಯವಿಲ್ಲವೆಂದು ಬಿಟ್ಟರೆ ಈ ಫಲ ಸಿಗುವುದಿಲ್ಲ. ನಮ್ಮಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ ಎಂಬ ಭಯ ನನ್ನದು.

ತಪ್ಪಿಹೋದ ಆ ಇಬ್ಬರು ಮಕ್ಕಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಪತ್ರದಲ್ಲಿ ನೀವು ಒಂದೇ ಒಂದು ಪ್ಯಾರಾ ಓದುವುದಾದರೆ ಇದನ್ನು ಓದಿ. ಇಂಥ ಪಟ್ಟಿಗಳ ಹಿರಿಯಣ್ಣ ಚಾಟ್. 1992ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಒಂದೂವರೆ ವರ್ಷದ 16 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನು ಬಳಸಿದರು. ಅದು ಗುರುತಿಸಿದ ಮಕ್ಕಳಲ್ಲಿ ಹೆಚ್ಚಿನವರಿಗೆ ನಿಜಕ್ಕೂ ತೊಂದರೆ ಇತ್ತು, ಎಲ್ಲರಿಗೂ ಖುಷಿ. ಆದರೆ ಆ ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ಪಾಸಾದ ಮಕ್ಕಳನ್ನೂ ಏಳು ವರ್ಷ ಆಗುವವರೆಗೆ ಬೇರೆ ಬೇರೆ ದಾರಿಯಿಂದ ಹಿಂಬಾಲಿಸಿದರು. ಆಗ ಗೊತ್ತಾಯಿತು, ಆಟಿಸಂ ಇದ್ದವರಲ್ಲಿ ಪಟ್ಟಿ ಹಿಡಿದದ್ದು 38 ಶೇಕಡಾ ಮಾತ್ರ ಎಂದು. ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಏನೂ ತೊಂದರೆ ಇಲ್ಲ" ಎಂಬ ಚೀಟಿ ಹಿಡಿದು ಮನೆಗೆ ಹೋಗಿದ್ದರು. ಪಾಸಾದವರನ್ನು ನೋಡದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದೆ ಬಂದ ಪಟ್ಟಿಗಳು ಸುಧಾರಿಸಿದ್ದು ಈ ಪ್ರಾಮಾಣಿಕ ಲೆಕ್ಕದಿಂದ. ನಮ್ಮ ಯೋಜನೆಗಳಲ್ಲಿ "ಇಷ್ಟು ಮಕ್ಕಳನ್ನು ತಪಾಸಣೆ ಮಾಡಿದೆವು, ಇಷ್ಟು ಮಂದಿ ಪತ್ತೆಯಾದರು" ಎಂಬ ಎರಡು ಅಂಕಿಗೆ ವರದಿ ಮುಗಿಯುತ್ತದೆ. ಪಾಸಾದವರಲ್ಲಿ ಒಂದು ಪಾಲು ಮಕ್ಕಳನ್ನಾದರೂ ಚೀಟಿ ಎತ್ತಿ ಆರಿಸಿ, ಪಟ್ಟಿಯ ಅಂಕ ಗೊತ್ತಿಲ್ಲದ ತಜ್ಞರಿಂದ ನೋಡಿಸಿ. ಅದಕ್ಕೆ ದುಡ್ಡು ಇಡಿ. ಕೆಲಸಕ್ಕೆ ಬಾರದ ಖರ್ಚು ಎಂದು ಆಡಿಟ್‌ನವರು ಬರೆದರೆ ಈ ಪ್ಯಾರಾ ತೋರಿಸಿ.

ಹುಡುಗಿಯರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಟಿಸಂ ಗಂಡು ಮಕ್ಕಳಲ್ಲೇ ಜಾಸ್ತಿ ಪತ್ತೆಯಾಗುತ್ತದೆ. ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಮೂಲೆಯಲ್ಲಿ ಕೂತು ಮಣಿ ಪೋಣಿಸುವ ಹುಡುಗಿಗೆ "ಎಷ್ಟು ಒಳ್ಳೆ ಹುಡುಗಿ, ಸದ್ದೇ ಇಲ್ಲ" ಎಂಬ ಶಹಬ್ಬಾಸ್ ಸಿಗುತ್ತದೆ. ಪ್ರಶ್ನೆ ಬರೆಯುವ ಕೋಣೆಯಲ್ಲಿ ಆಟಿಸಂ ಇರುವ ಹೆಣ್ಣು ಮಕ್ಕಳ ತಾಯಂದಿರೂ ಇರಲಿ.

ಯಾವಾಗ ಕೇಳಬೇಕು? ಇದಕ್ಕೆ ಹೊಸ ಶಿಬಿರ, ಹೊಸ ದಿನಾಚರಣೆ ಏನೂ ಬೇಡ. 16ರಿಂದ 24 ತಿಂಗಳ ನಡುವೆ ಮಗುವಿಗೆ ಡಿಪಿಟಿ ಬೂಸ್ಟರ್ ಮತ್ತು ದಡಾರ, ರುಬೆಲ್ಲಾ ತಡೆಯುವ ಎಂಆರ್ ಲಸಿಕೆಯ ಎರಡನೇ ಡೋಸ್ ಇದ್ದೇ ಇದೆ. ತಾಯಿ-ಮಗುವಿನ ಆರೋಗ್ಯದ ವಿವರ ಬರೆಯುವ "ತಾಯಿ ಕಾರ್ಡ್" ಹಿಡಿದು, ಮಗುವನ್ನು ಎತ್ತಿಕೊಂಡು ತಾಯಿಯೇ ಬರುತ್ತಾಳೆ. ಸಣ್ಣ ಮಕ್ಕಳ ಪಟ್ಟಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಒಂದೇ ಷರತ್ತು: ಪ್ರಶ್ನೆ ಮೊದಲು, ಸೂಜಿ ಆಮೇಲೆ. ಸೂಜಿ ಚುಚ್ಚಿದ ಮೇಲೆ ಅಳುವ ಮಗುವನ್ನು ಹಿಡಿದು ತಾಯಿ ಏನು ಉತ್ತರ ಕೊಟ್ಟಾಳು? ಇನ್ನೊಂದು ಕಾರಣವೂ ಇದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಬ್ರಿಟನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು. ಆಮೇಲೆ ನಡೆದ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಸಿಗಲಿಲ್ಲ. ಆದರೂ ವಾಟ್ಸಾಪಿನಲ್ಲಿ ಅದು ಇನ್ನೂ ಓಡಾಡುತ್ತಿದೆ. ಲಸಿಕೆ ಹಾಕಿ ಆಮೇಲೆ ಆಟಿಸಂ ಪ್ರಶ್ನೆ ಕೇಳಿದರೆ ನಾವೇ ಆ ಗಾಳಿಸುದ್ದಿಗೆ ಬಾಗಿಲು ತೆಗೆದ ಹಾಗೆ.

ಅಂಗನವಾಡಿಯ ಪಟ್ಟಿಯನ್ನು ಮಗು ಸೇರಿದ ಕೂಡಲೇ ಕೇಳಬೇಡಿ. ಎರಡು ತಿಂಗಳು ಹೋಗಲಿ, ಅಳು ನಿಲ್ಲಲಿ, ಟೀಚರ್‌ಗೆ ಮಗು ಗೊತ್ತಾಗಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೇಗೂ ಆಗದು. ಮಳೆ ರಜೆ ಘೋಷಿಸುವವರು ನೀವೇ ಅಲ್ವಾ, ನಿಮಗೆ ಗೊತ್ತೇ ಇದೆ. ಭಾಗಮಂಡಲದ ಕಡೆ ಆ ತಿಂಗಳುಗಳಲ್ಲಿ ಮಗುವಿಗಿಂತ ಹೆಚ್ಚಾಗಿ ಮಳೆಯೇ ಅಂಗನವಾಡಿಗೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ. ಕೊಯ್ಲು ಶುರುವಾಗುವ ಮೊದಲು ತಾಯಂದಿರೂ ಸಿಗುತ್ತಾರೆ.

ಅಂಗನವಾಡಿ ಟೀಚರುಗಳ ಪರವಾಗಿಯೂ ಒಂದು ಮಾತು. ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಬೇಕು, ಮೊಟ್ಟೆ ಲೆಕ್ಕ ಇಡಬೇಕು, ಗರ್ಭಿಣಿಯರ ಊಟ ನೋಡಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಬೇಕು. ನೆಟ್‌ವರ್ಕ್ ಸಿಗಲೆಂದು ಗುಡ್ಡ ಹತ್ತುವವರೂ ಇದ್ದಾರೆ. ಅದರ ಮೇಲೆ ಇದನ್ನೂ ಹೇರಿದರೆ ಅವರು ಒಂದೇ ಸಂಜೆ ಕೂತು ಎಲ್ಲ ಮಕ್ಕಳಿಗೂ "ಹೌದು, ಹೌದು" ಎಂದು ಗುರುತು ಹಾಕಿ ಕಳಿಸುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ಬೇರೆ ಯಾವುದಾದರೂ ಒಂದು ರಿಜಿಸ್ಟರ್ ಕಡಿಮೆ ಮಾಡಿ ಇದನ್ನು ಕೊಡಿ. ಮಗುವಿಗಿಷ್ಟು ಎಂದು ಗೌರವಧನ ಕೊಡಿ. ಆದರೆ ಪತ್ತೆಯಾದ ಮಗುವಿಗೆ ಇಷ್ಟು ಎಂದು ಇಡಬೇಡಿ, ಪತ್ತೆ ತಾನಾಗಿ ಏರಿಬಿಡುತ್ತದೆ. ವಿಶೇಷ ಚೇತನ ಮಕ್ಕಳಿಗಾಗಿ ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗೆ ಒಂದು ಪ್ರೋಟೋಕಾಲ್ ಹೊರಡಿಸಿದೆ. ಬೇಗ ಗುರುತಿಸುವುದು ಅದರಲ್ಲಿ ಮೊದಲ ಮೆಟ್ಟಿಲು. ಆದೇಶಕ್ಕೆ ಆಧಾರ ಬೇಕಿದ್ದರೆ ಅದು ಸಾಕು.

ಗುರುತು ಬಿದ್ದ ಮೇಲೆ ಏನು? ಇದಕ್ಕೆ ಉತ್ತರ ಸಿದ್ಧವಾಗದೆ ಪಟ್ಟಿ ಹಂಚಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ತಾಯಿಗೆ ಚಿಂತೆ ಹಚ್ಚಿ, "ಮೈಸೂರಿಗೆ ತೋರಿಸಿ" ಎಂದು ಚೀಟಿ ಬರೆದು ಕೈ ತೊಳೆದುಕೊಂಡರೆ ಕೇಳದೇ ಇದ್ದದ್ದೇ ವಾಸಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲಿಲ್ಲ. ಕುಟ್ಟದ ಕಡೆಯ ಕೂಲಿ ಕುಟುಂಬ ಒಂದು ಸಲ ಮೈಸೂರಿಗೆ ಹೋಗಿ ಬಂದರೆ ಎರಡು ದಿನದ ಕೂಲಿ ಹೋಯಿತು. ಮುಂದಿನ ತಿಂಗಳು ಮತ್ತೆ ಬನ್ನಿ ಎಂದರೆ ಹೋಗುವುದಿಲ್ಲ.

ಮೊದಲು ಕಿವಿ ಪರೀಕ್ಷೆ ಆಗಲಿ. ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಅದನ್ನು ನೋಡದೆ ಆಟಿಸಂ ಮಾತು ಎತ್ತಲೇಬಾರದು. ಆಮೇಲೆ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವಿಭಾಗ ಮತ್ತು ಮನೋವೈದ್ಯ ವಿಭಾಗದವರು ಸೇರಿ ತಿಂಗಳಿಗೆ ಗೊತ್ತಾದ ದಿನ ಕೂತು ಮಕ್ಕಳನ್ನು ನೋಡಲಿ. ವಿರಾಜಪೇಟೆ ಮತ್ತು ಸೋಮವಾರಪೇಟೆಗೂ ಆ ತಂಡ ಹೋಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಪಕ್ಕದಲ್ಲೇ ಇದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಜ್ಞರು ವಿಡಿಯೋ ಮೂಲಕ ಸೇರಿಕೊಳ್ಳಬಹುದು. ಆಟಿಸಂ ಹೌದೋ ಅಲ್ಲವೋ ಎಂದು ನೋಡಲು ನಮ್ಮ ದೇಶದಲ್ಲೇ ತಯಾರಾದ ಪರೀಕ್ಷಾ ವಿಧಾನ ಐಎನ್‌ಡಿಟಿ-ಎಎಸ್‌ಡಿ ಇದೆ, 2ರಿಂದ 9 ವರ್ಷದ ಮಕ್ಕಳಿಗೆ. ಅಂಗವಿಕಲತೆಯ ಸರ್ಟಿಫಿಕೇಟಿಗೆ ಬಳಸುವ 40 ಅಂಶಗಳ ಅಳತೆಪಟ್ಟಿ ಐಎಸ್‌ಎಎ ಬೇರೆ. ಅದು ತೊಂದರೆ ಎಷ್ಟು ಎಂದು ಅಳೆಯುವುದಕ್ಕೆ. ಅದನ್ನೇ ಅಂಗನವಾಡಿಗೆ ಕೊಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಬೇಡ ಅನ್ನಿ.

ಪರೀಕ್ಷೆಯ ದಿನಕ್ಕಾಗಿ ಕಾಯುವ ತಿಂಗಳುಗಳು ಖಾಲಿ ಹೋಗಬಾರದು. ಗುರುತು ಬಿದ್ದ ಕೂಡಲೇ ಮನೆಯಲ್ಲಿ ಏನು ಮಾಡಬಹುದು ಎಂದು ತಾಯಿಗೋ ಅಜ್ಜಿಗೋ ತೋರಿಸಿಕೊಡಬೇಕು. ಮಗುವಿನ ಎದುರು ಅದರ ಎತ್ತರಕ್ಕೆ ಕೂತು ಆಡುವುದು, ಅದು ಮಾಡಿದ್ದನ್ನು ನಾವೂ ಮಾಡುವುದು, ಕೇಳುವ ಮೊದಲೇ ಎಲ್ಲ ಕೊಟ್ಟುಬಿಡದೆ ಸ್ವಲ್ಪ ಕಾಯುವುದು, ಊಟ ಸ್ನಾನದ ಹೊತ್ತಿನಲ್ಲಿ ಚಿಕ್ಕ ಚಿಕ್ಕ ಮಾತು. ಆಟಿಸಂ ಇಲ್ಲ ಎಂದು ಕೊನೆಗೆ ಗೊತ್ತಾದರೂ ಇದರಿಂದ ನಷ್ಟವೇನಿಲ್ಲ.

ವಲಸೆ ಕುಟುಂಬಗಳ ಮಕ್ಕಳ ಪಾಡು ಹೇಳುವುದೇ ಬೇಡ. ಡಿಸೆಂಬರಿನಲ್ಲಿ ಗುರುತಾದ ಮಗು ಕೊಯ್ಲು ಮುಗಿದ ಮೇಲೆ ಯಾವ ಊರಿನಲ್ಲಿರುತ್ತದೋ. ಅಂಥವರಿಗೆ ತಾಯಿ ಕಾರ್ಡಿನೊಳಗೆ ಒಂದು ಹಾಳೆ ಅಂಟಿಸಿ. ಏನು ಕೇಳಿದೆವು, ಏನು ಕಂಡೆವು, ಕಿವಿ ಪರೀಕ್ಷೆ ಆಯಿತೇ, ಮುಂದೆ ಏನಾಗಬೇಕು. ಕನ್ನಡದ ಜೊತೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ. ಮುಂದಿನ ಊರಿನ ಸಿಸ್ಟರ್ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ.

ಈ ಪತ್ರ ಓದುತ್ತಿರುವ ಅಪ್ಪ ಅಮ್ಮಂದಿರಿಗೂ, ಅಜ್ಜಿಯರಿಗೂ ಎರಡು ಮಾತು. "ಅವನ ಅಪ್ಪನಿಗೂ ಮಾತು ತಡ ಇತ್ತು" ಎಂದು ಕಾಯಬೇಡಿ. ಬಜೆ ತೇಯ್ದು ನಾಲಿಗೆಗೆ ಸವರಿದರೆ ಆಟಿಸಂ ಹೋಗುವುದಿಲ್ಲ. ಮೊಬೈಲ್ ತೋರಿಸಿದ್ದಕ್ಕೆ ಹೀಗಾಯಿತು ಎಂದು ಸೊಸೆಯನ್ನು ಬಯ್ಯಬೇಡಿ, ಆಟಿಸಂ ಯಾರ ಸಾಕಣೆಯ ತಪ್ಪಿನಿಂದಲೂ ಬರುವುದಲ್ಲ. ಮೊಬೈಲ್ ಕಡಿಮೆ ಮಾಡಿ, ಆ ಹೊತ್ತನ್ನು ಆಟಕ್ಕೆ ಕೊಡಿ, ಅದು ಬೇರೆ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ, ಥೆರಪಿಗೆ ಸಿಗುತ್ತದೆ. ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಬಿತ್ತು ಎಂದು ಹೆದರಬೇಡಿ.

ಮತ್ತೆ ಅಧಿಕಾರಿಗಳಿಗೆ. ಶುರು ಮಾಡುವುದು ಹೇಗೆ ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲು ಆಟಿಸಂ ಇರುವ ಮಕ್ಕಳ ತಾಯಂದಿರನ್ನು ಕೂರಿಸಿ "ನಿಮಗೆ ಮೊದಲು ಏನು ವಿಚಿತ್ರ ಅನ್ನಿಸಿತು?" ಎಂದು ಕೇಳಿ ಬರೆದುಕೊಳ್ಳಿ. ಪ್ರಶ್ನೆಗಳು ಅಲ್ಲಿಂದ ಹುಟ್ಟಲಿ. ಬರೆದ ಪ್ರಶ್ನೆಯನ್ನು ಬೇರೆ ತಾಯಂದಿರ ಎದುರು ಓದಿ "ಇದನ್ನು ಕೇಳಿದಾಗ ನಿಮ್ಮ ತಲೆಗೆ ಏನು ಬಂತು?" ಎಂದು ಕೇಳಿ. ಬಿಸ್ಕತ್ ಡಬ್ಬಿ ಬಂತೋ ಮಂಗ ಬಂತೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪರೀಕ್ಷೆ. ನೂರಕ್ಕೊಬ್ಬರ ಲೆಕ್ಕದಲ್ಲಿ ಆಟಿಸಂ ಇರುವ 50 ಮಕ್ಕಳು ಸಿಗಬೇಕಾದರೆ 5,000 ಮಕ್ಕಳನ್ನು ಕೇಳಬೇಕು. ಕೊಡಗಿನ ಮಕ್ಕಳು ಸಾಲದೆ ಬಂದರೆ ಸುಳ್ಯದವರನ್ನು ಸೇರಿಸಿಕೊಳ್ಳಿ, ಅರೆಭಾಷೆ ಅಲ್ಲೂ ಉಂಟು. ಪಿರಿಯಾಪಟ್ಟಣ, ಹುಣಸೂರಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ಯರವರ ಮಾತು ವಯನಾಡಿನಲ್ಲೂ ಇದೆ. ಜಿಲ್ಲೆಯ ಗಡಿ ಮಕ್ಕಳಿಗೆ ಗೊತ್ತಿಲ್ಲ.

ಕಾಫಿ ಕೊಯ್ಲಿಗೆ ಮೊದಲು ಒಂದು ಸಭೆ ಕರೆಯಿರಿ. ಮಕ್ಕಳ ಡಾಕ್ಟರು, ಸ್ಪೀಚ್ ಥೆರಪಿಸ್ಟ್, ಅಂಕಿಅಂಶದವರು ಬರಲಿ. ಅಂಗನವಾಡಿ ಟೀಚರುಗಳೂ ಆಶಾ ಕಾರ್ಯಕರ್ತೆಯರೂ ತಾಯಂದಿರೂ ಹಿಂದಿನ ಸಾಲಿನಲ್ಲಿ ಕೂರದೆ ಮೇಜಿನ ಸುತ್ತ ಕೂರಲಿ. ಭಾನುವಾರ ಇಟ್ಟರೆ ತೋಟದ ಕೆಲಸದವರಿಗೆ ಬರಲಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಮುಗಿಸಿ, ನಾಪೋಕ್ಲು, ಕುಟ್ಟ, ಶನಿವಾರಸಂತೆ ಕಡೆಗೆ ಹೋಗುವವರಿಗೆ ಬಸ್ ಸಿಗಲಿ. ಬರುವವರಿಗೆ ಆ ದಿನದ ಬಸ್ ಚಾರ್ಜು ಇಲಾಖೆಯೇ ಕೊಡಲಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ, ಈವರೆಗೆ ತಾಯಂದಿರು ಹೇಳಿದ್ದನ್ನು ಬರೆದಿಟ್ಟ ನೋಟ್‌ಬುಕ್‌ಗಳಿಂದ ಹೆಸರು ತೆಗೆದು ಮಾತುಗಳನ್ನಷ್ಟೇ ತರುತ್ತೇನೆ.

ಇಂತಿ,
ಕೊಡಗಿನ ಒಬ್ಬ ವಿಶೇಷ ಶಿಕ್ಷಕಿ